ಉಳಿದ ಎರಡು ತಿಂಗಳ ರಜೆ

ಮೊದಲು ನಮ್ಮ ಶಾಲೆಯಲ್ಲಿ ಹಿಂದಿ ಕಲಿಸುತ್ತಿದ್ದ ಬಾಯಾರು ಮತ್ತೆ ರಜೆ ಹಾಕಿದ್ದಾರೆ ಎಂಬ ಸುದ್ದಿ ಕಳೆದ ತಿಂಗಳು ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಬಂತು. ಈಗ ಇಂಡಿ ಊರಿನ ಶಾಲೆಯಲ್ಲಿ ಅವರ ಜೊತೆ ಕೆಲಸ ಮಾಡುವ ಗೆಳತಿಯೊಬ್ಬಳು ಹಾಕಿದ್ದಳು: "ಶಿಶುಪಾಲನಾ ರಜೆಯೊಳಗ ಎರಡು ತಿಂಗಳು ಉಳದಿತ್ತಂತ. ಬ್ಯಾಸಗಿ ಸೂಟಿಗೆ ಅದನ್ನೂ ಕೂಡಿಸಿ ತಗೊಂಡು ಮಕ್ಕಳನ್ನ ಕಟಗೊಂಡು ಹೊಂಟಾರ." ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು, 'ಪಾಪ', 'ಒಂಟಿ ಹೆಣ್ಣುಮಗಳು', 'ದೇವರು ಒಳ್ಳೇದು ಮಾಡಲಿ'. ನಾನು ಏನೂ ಬರೆಯಲಿಲ್ಲ. ಆ ಎರಡು ತಿಂಗಳು ಯಾಕೆ ಉಳಿದಿದ್ದವೆಂದು ಆ ಗುಂಪಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

ಗಂಡ ಸತ್ತ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ತ್ರಾಸಿನ ಕೆಲಸ. ನಾದಿನಿ ಬಂಗಾರ ಮಾಡಿಸಿಕೊಂಡಳೆಂದು ಉರಿದರೆ ಜೊತೆಗೆ ಉರಿಯಲು ನಾಲ್ಕು ಜನ ಸಿಗುತ್ತಾರೆ. ಈ ಉರಿಗೆ ಜೊತೆಯೇ ಇಲ್ಲ. ನನಗೆ ಗಂಡನಿದ್ದಾರೆ, ಸಿಂದಗಿಯಲ್ಲಿ ಸ್ವಂತ ಮನೆಯಿದೆ, ದುಡಿಯುವ ಮಗನಿದ್ದಾನೆ. ಅವರಿಗಿದ್ದದ್ದು ಬಾಡಿಗೆಯ ಎರಡು ಕೋಣೆ, ಎರಡು ಮಕ್ಕಳು. ಎಲ್ಲರೂ ಅವರನ್ನು ಕಂಡು ಪಾಪ ಎನ್ನುವಾಗ ನಾನೂ ಪಾಪ ಎನ್ನುತ್ತಿದ್ದೆ. ಒಳಗೆ ಮಾತ್ರ ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತಿದ್ದೆ. ಈ ಸಲ ಆ ಸುದ್ದಿ ಓದಿದಾಗಲೂ ನನಗೆ ಮೊದಲು ಬಂದದ್ದು ಪಶ್ಚಾತ್ತಾಪವಲ್ಲ. 'ಮತ್ತೆ ಹೊರಟಳಾ ಇವಳು!' ಎಂಬ ಉರಿಯೇ.

ಅವರು ಇಂಡಿಯಿಂದ ವರ್ಗವಾಗಿ ನಮ್ಮ ಶಾಲೆಗೆ ಬಂದಾಗ ಗಂಡ ತೀರಿಕೊಂಡು ವರ್ಷ ತುಂಬಿರಲಿಲ್ಲ. ನಲವತ್ತೂ ಆಗದ ಮನುಷ್ಯ, ಊಟ ಮಾಡಿ ಕೈತೊಳೆಯಲು ಎದ್ದವರು ಅಲ್ಲೇ ಕುಸಿದರಂತೆ. ಸ್ಟಾಫ್ ರೂಮಿನಲ್ಲಿ ನಾವೆಲ್ಲ ಸಮಾಧಾನದ ಮುಖ ಮಾಡಿಕೊಂಡು ಕೂತಿದ್ದೆವು. ಅವರು ಅರಿಶಿನ ಬಣ್ಣದ ಸೀರೆ ಉಟ್ಟು ಬಂದರು. ಬಂದವರೇ ಚೀಲ ಕೆಳಗಿಟ್ಟು, "ಇಲ್ಲಿಂದ ಕಲಬುರ್ಗಿ ಬಸ್ಸು ಎಷ್ಟು ಹೊತ್ತಿಗೊಂದು ಅದರಿ?" ಎಂದು ಕೇಳಿದರು. ನಾವು ಸಿದ್ಧ ಮಾಡಿಕೊಂಡಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು.

ಕಲಬುರ್ಗಿಯಲ್ಲಿ ಅವರಿಗೆ ಯಾರೂ ಇರಲಿಲ್ಲ. ನಾಲ್ಕು ವರ್ಷದ ಮಗ ಬಸ್ ನಿಲ್ದಾಣದಲ್ಲಿ ಇಳಿಯುವಾಗ, ಈ ಬಸ್ಸು ಹೋಗಿ ಎಲ್ಲಿ ಮಲಗುತ್ತದೆ ಎಂದು ಕೇಳಿದ್ದನಂತೆ. ಆ ಭಾನುವಾರ ಮೂವರೂ ಕಲಬುರ್ಗಿಗೆ ಹೋಗಿ, ಡಿಪೋದ ಗೇಟಿನ ಹೊರಗೆ ನಿಂತು ಮಲಗಿದ ಬಸ್ಸುಗಳನ್ನು ನೋಡಿ, ಅದೇ ಸಂಜೆ ತಿರುಗಿ ಬಂದರು.

ಮಕ್ಕಳು ಏನೇ ಕೇಳಲಿ, ಅವರ ಉತ್ತರ ಒಂದೇ: "ಹೋಗಿ ನೋಡೋಣಂತ." ತೊಗರಿ ಹೇಗೆ ಬೇಳೆಯಾಗುತ್ತದೆ? ಹೋಗಿ ನೋಡೋಣಂತ. ಮರುದಿನ ಮಾರುಕಟ್ಟೆಯ ಹಿಂದಿನ ದಾಲ್ ಮಿಲ್ಲಿನಿಂದ ಮೂವರೂ ತಲೆ ತುಂಬ ಹೊಟ್ಟು ಮಾಡಿಕೊಂಡು ಬಂದರು. ಆಲಮಟ್ಟಿ ಅಣೆಕಟ್ಟಿನ ಗೇಟು ಯಾರು ತೆಗೆಯುತ್ತಾರೆ? ಹೋಗಿ ನೋಡೋಣಂತ. ನಿಡಗುಂದಿಯಲ್ಲಿ ಬಸ್ಸಿಳಿದು ಹೋದರೆ ಒಳಗೆ ಬಿಡಲಿಲ್ಲ. ಕಾವಲುಗಾರನ ಜೊತೆಯೇ ಕೂತು, ಅವನಿಗೆ ಶೇಂಗಾ ಚಟ್ನಿ ಚಪಾತಿ ಕೊಟ್ಟು, ಕೇಳಬೇಕಾದದ್ದನ್ನೆಲ್ಲ ಕೇಳಿಕೊಂಡು ಬಂದರು. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದಿದ್ದರೆ ಹತ್ತುತ್ತಲೇ ಇರಲಿಲ್ಲ. ಸಿಕ್ಕರೆ ಹೊಲಕ್ಕೆ ಹೋಗುವ ಹೆಂಗಸರಂತೆ ಸೆರಗನ್ನು ತಲೆಗೆ ಬಿಗಿದು ಕಟ್ಟಿ, ಗಾಳಿಗೆ ಮುಖ ಕೊಟ್ಟು ಕೂರುತ್ತಿದ್ದರು.

ದೇವತೆಯೇನಲ್ಲ ಅವರು. ಪಾಠ ಟಿಪ್ಪಣಿಯನ್ನು ಒಂದು ವಾರವೂ ಸಮಯಕ್ಕೆ ಬರೆದವರಲ್ಲ. ನನ್ನಿಂದ ಒಯ್ದ ಕುಕ್ಕರಿನ ರಬ್ಬರು ಇವತ್ತಿಗೂ ಬಂದಿಲ್ಲ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿ. ಮಕ್ಕಳನ್ನು ಬೈಯುವಾಗ ಮೂರೂ ಒಟ್ಟಿಗೆ, ಅದೂ ನಾಲ್ಕು ಮನೆಗೆ ಕೇಳುವಂತೆ. ಅವರು ಮಾಡಿದ ಹುಳಿ ತಿಂದ ಮೇಲೆ ಬ್ರಾಹ್ಮಣರ ಅಡುಗೆಯ ಬಗ್ಗೆ ನನಗಿದ್ದ ಭ್ರಮೆಯೂ ಹೋಯಿತು. ಈ ದೋಷಗಳನ್ನೆಲ್ಲ ನಾನು ಆಸೆಯಿಂದ ಕೂಡಿಟ್ಟುಕೊಂಡಿದ್ದೆ. ಆದರೆ ಭಾನುವಾರ ಬೆಳಿಗ್ಗೆ ಆ ಮೂವರು ನಮ್ಮ ಮನೆಯ ಮುಂದೆ ಹಾದು ಬಸ್ ನಿಲ್ದಾಣದ ಕಡೆ ನಡೆದರೆ ಒಂದೂ ಕೆಲಸಕ್ಕೆ ಬರುತ್ತಿರಲಿಲ್ಲ.

ನನ್ನ ಸಂಗತಿ ಹೇಳಬೇಕು. ಬಸವನ ಬಾಗೇವಾಡಿ ನನ್ನ ತವರು. ಅಲ್ಲಿಂದ ಸಿಂದಗಿಗೆ ಮದುವೆಯಾಗಿ ಬಂದದ್ದೇ ನನ್ನ ಜೀವನದ ದೊಡ್ಡ ಪ್ರಯಾಣ. ಮದುವೆಯಾದ ಹೊಸತರಲ್ಲಿ ಕನ್ಯಾಕುಮಾರಿಗೆ ಹೋಗಬೇಕೆಂದು ವಿಜಯಪುರದಿಂದ ದೊಡ್ಡ ಸೂಟ್‌ಕೇಸು ತಂದೆವು. ಕಚೇರಿಯಲ್ಲಿ ಕೆಲಸ ಮಾಡುವ ನಮ್ಮವರು ಒಳ್ಳೆಯ ಮನುಷ್ಯ, ಒಂದು ಕೆಟ್ಟ ಚಟವಿಲ್ಲ. ನಾನು ಕೇಳಿದಾಗಲೆಲ್ಲ "ಮುಂದಿನ ವರ್ಷ ನೋಡೂಣು" ಎನ್ನುತ್ತಿದ್ದರು. ಮಗ ಸಣ್ಣವನಿದ್ದ, ಆಮೇಲೆ ಅತ್ತೆಗೆ ಮೊಣಕಾಲು, ಆಮೇಲೆ ಮನೆ ಕಟ್ಟಿದೆವು, ಆಮೇಲೆ ಮಗನ ಹತ್ತನೆಯ ಪರೀಕ್ಷೆ. ಸೂಟ್‌ಕೇಸು ಅಂಗಡಿಯ ಪ್ಲಾಸ್ಟಿಕ್ ಹೊದಿಕೆಯ ಸಮೇತ ಕಪಾಟಿನ ಮೇಲೆ ಕೂತಿತು. ಒಳಗೆ ಚಳಿಗಾಲದ ಕೌದಿಗಳನ್ನು ಇಟ್ಟೆ. ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆಯ ಆದೇಶ ಬಂದಾಗ ನಮ್ಮ ಶಾಲೆಯಲ್ಲಿ ಮೊದಲು ತೆಗೆದುಕೊಂಡವಳು ನಾನೇ. ಮಗನ ಪಿಯುಸಿ ಇತ್ತು. ಆರು ತಿಂಗಳು ಅವನಿಗೆ ಚಹಾ ಮಾಡಿಕೊಟ್ಟೆ. ಅವನು ಓದಿದ, ನಾನು ಅವನ ಕೋಣೆಯ ಬಾಗಿಲು ನೋಡಿದೆ. ರಜೆ ಮುಗಿಯಿತು.

ಮರುವರ್ಷ ಬಾಯಾರು ಬಂದು, "ಅಕ್ಕೋರ, ಆ ರಜಾದ ಅರ್ಜಿ ಹೆಂಗ ಬರೀಬೇಕು ಒಂದೀಟು ತೋರಸ್ರಿ" ಎಂದರು. ನನ್ನ ಹಳೆಯ ಅರ್ಜಿಯ ನಕಲು ಕೊಟ್ಟೆ. ಮಗಳು ಆಗ ನನ್ನದೇ ಏಳನೆಯ ತರಗತಿ, ಮಗ ಮೂರನೆಯದು. ಯಾರಿಗೋ ಆರಾಮಿಲ್ಲವೇನೋ ಎಂದುಕೊಂಡು ಮರುಕದಿಂದಲೇ ಕೇಳಿದೆ. ಅವರು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಶೇಂಗಾ ಸುಲಿಯುತ್ತ ಹೇಳಿದರು.

ಗಂಡನ ಅಸ್ಥಿಯನ್ನು ಮುದ್ದೇಬಿಹಾಳದ ಹತ್ತಿರ ತಂಗಡಗಿಯಲ್ಲಿ ಕೃಷ್ಣೆಗೆ ಬಿಟ್ಟಿದ್ದರಂತೆ. ಪ್ರತಿವರ್ಷ ಆ ದಿನ ಮಕ್ಕಳನ್ನು ಕರೆದುಕೊಂಡು ಹೋಗಿ ನದಿಗೆ ಕೈಮುಗಿದು ಬರುವುದು ರೂಢಿ. ಆ ಸಲ ಮಗ ಕೇಳಿದ್ದಾನೆ.

"ಅಪ್ಪನ್ನ ಇಲ್ಲಿ ಬಿಟ್ಟೇವಿ. ಮುಂದ ಎಲ್ಲಿಗೆ ಹೋದ್ರು, ಆಯಿ?"

"ನೀರಿನ ಜೋಡಿ ಸಮುದ್ರಕ್ಕ ಹೋದರಪ್ಪ."

"ನೀ ನೋಡೀಯೇನು?"

"ಇಲ್ಲ."

"ಇಲ್ಲ ಅಂದ ಮ್ಯಾಲ ಮುಂದೇನು ಹೇಳೋದ್ರಿ?" ಎಂದು ಬಾಯಾರು ಶೇಂಗಾದ ಸಿಪ್ಪೆಯನ್ನು ಊದಿದರು. "ಹೋಗಿ ನೋಡೋಣಂತ ಅಂದೆ."

ಅವತ್ತಿನ ಹೆಡ್ ಮಾಸ್ತರರು ಮೃದು ಮನುಷ್ಯ, ನಿವೃತ್ತಿಗೆ ಎರಡು ತಿಂಗಳಿತ್ತು. "ಬಾಯಾರ, ಎರಡು ದಿನದ ದಾರಿಗೆ ಆರು ತಿಂಗಳ ಯಾಕ್ರಿ?" ಎಂದು ಕೇಳಿದರು.

"ನೀರು ಹೋದಂಗ ಹೋಗ್ಬೇಕಲ್ಲರಿ ಸರ್. ಎಲ್ಲಿ ಡ್ಯಾಮಿನ್ಯಾಗ ನೀರು ನಿಲ್ತದ, ಅಲ್ಲಿ ನಾವೂ ನಿಲ್ತೇವಿ. ಬಿಟ್ಟಾಗ ಹೊರಡ್ತೇವಿ. ಆರು ತಿಂಗಳದಾಗ ಸಮುದ್ರ ಮುಟ್ಟಿದ್ರ ಆತು."

ಮಗಳಿಗೇನೂ ಮನಸ್ಸಿರಲಿಲ್ಲ. "ಎಲ್ಲಾರೂ ಮಾರ್ಕ್ಸ್ ತಗೋತಾರ, ನಾ ನೀರು ನೋಡ್ಕೋತ ಹೋಗ್ಲೇನು?" ಎಂದು ನನ್ನ ಹತ್ತಿರ ಅತ್ತಿದ್ದಳು. ನಾನು ಅವಳ ತಲೆ ಸವರಿ, ಅವಳ ಪರವಾಗಿ ಹೆಡ್ ಮಾಸ್ತರರ ಹತ್ತಿರ ಮಾತಾಡಿದೆ. ಹುಡುಗಿಯ ಓದಿನ ಚಿಂತೆ ನನಗಿತ್ತೆಂದು ಆಗ ನಂಬಿದ್ದೆ. ನಿಜಕ್ಕೂ ಬಾಯಾರು ಹೋಗಬಾರದೆಂಬುದಷ್ಟೇ ನನ್ನ ಚಿಂತೆ. ಹೆಡ್ ಮಾಸ್ತರರು ಬಾಯಿಮಾತಿನಲ್ಲೇ ಒಂದು ದಾರಿ ಮಾಡಿದರು: ಮಕ್ಕಳಿಬ್ಬರೂ ಪಾಠಗಳನ್ನು ಬರೆದು ಹದಿನೈದು ದಿನಕ್ಕೊಮ್ಮೆ ಅಂಚೆಯಲ್ಲಿ ನನಗೆ ಕಳಿಸಬೇಕು. ನಾನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಯಾರಾದರೂ ಕೇಳಿದರೆ ತೋರಿಸಬೇಕು. ಫೋನಿನಲ್ಲಿ ಫೋಟೋ ಕಳಿಸಿದರೆ ಸಾಲದೇ ಎಂದು ಯಾರೋ ಕೇಳಿದ್ದಕ್ಕೆ ಬಾಯಾರು, "ಫೋನಿನ್ಯಾಗಿಂದು ಯಾರು ಓದ್ತಾರ್ರಿ? ಕಾಗದ ಕೈಯಾಗಿದ್ರ ಅಕ್ಕೋರು ಓದ್ತಾರ" ಎಂದರು.

ಗಣಪತಿ ಹಬ್ಬ ಮುಗಿದ ವಾರ ಹೊರಟರು. ಬೀಳ್ಕೊಡಲು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಎರಡು ಶಾಲೆಯ ಚೀಲ, ಒಂದು ಕೈಚೀಲ, ನೀರಿನ ಕ್ಯಾನು. ಅಷ್ಟೇ. ನನ್ನ ತವರಿಗೆ ಎರಡು ದಿನಕ್ಕೆ ಹೋಗಲು ನಾನು ಅದಕ್ಕಿಂತ ಹೆಚ್ಚು ಒಯ್ಯುತ್ತೇನೆ. ಮುದ್ದೇಬಿಹಾಳದ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಹುಡುಗ ಕೈಬೀಸುತ್ತಿದ್ದ. ಮನೆಗೆ ಬಂದರೆ ಅತ್ತೆ ಜೋಳ ಹಸನು ಮಾಡುತ್ತ, "ಗಂಡಿಲ್ಲದಾಕಿ ಊರೂರು ತಿರಗಾಕ ಹೊಂಟಾಳಂತಲ್ಲ" ಎಂದರು. "ಅದನ್ನ ಹೇಳಾಕತ್ತೇನಿ ನಾನೂ" ಎಂದೆ. ಅತ್ತೆಯೂ ನಾನೂ ಒಂದೇ ಮಾತಿಗೆ ಬಂದದ್ದು ಅದೊಂದೇ ದಿನ.

ಮೊದಲ ಲಕೋಟೆ ನಾರಾಯಣಪುರದಿಂದ ಬಂತು. ಅಡುಗೆಮನೆಯಲ್ಲಿ ನಿಂತೇ ಓದಿದೆ. ವ್ಯಾಕರಣ, ಲೆಕ್ಕ, ತಮ್ಮನ ಮಗ್ಗಿ ಎಲ್ಲ ಇತ್ತು. ಕೊನೆಯಲ್ಲಿ ಹುಡುಗಿ ಬರೆದಿದ್ದಳು: 'ಇಲ್ಲಿ ನೀರು ನಿಂತಿದೆ. ತಮ್ಮ ದಿನಾ ಬೆಳಿಗ್ಗೆ ಹೋಗಿ, ಇನ್ನೂ ಹೊರಟಿಲ್ಲೇನು ಅಂತ ಅದನ್ನು ಕೇಳಿ ಬರುತ್ತಾನೆ.' ರಾಯಚೂರಿನ ಹತ್ತಿರ ಹುಡುಗನಿಗೆ ಜ್ವರ ಬಂದು ಗುರುತಿಲ್ಲದವರ ಮನೆಯಲ್ಲಿ ಹನ್ನೆರಡು ದಿನ ಇದ್ದರಂತೆ. ಆ ಮನೆಯ ಅಜ್ಜಿ ಇವಳಿಗೆ ತೆಲುಗು ಅಕ್ಷರ ತಿದ್ದಿಸಿದಳಂತೆ. ಜ್ವರದ ಸುದ್ದಿ ಓದಿ, 'ಈಗ ತಿರುಗಿ ಬಂದಾರು' ಎಂದುಕೊಂಡೆ. ಬರಲಿಲ್ಲ. ಮುಂದಿನ ಲಕೋಟೆ ಇನ್ನೂ ಕೆಳಗಿನ ಊರಿನಿಂದ ಬಂತು.

ನಾನು ಗಣಿತದ ಶಿಕ್ಷಕಿ. ವೃತ್ತದ ಪಾಠವನ್ನು ಇಪ್ಪತ್ತು ವರ್ಷದಿಂದ ಡಬ್ಬಿಯ ಮುಚ್ಚಳ ಮತ್ತು ದಾರ ಹಿಡಿದು ಕಲಿಸುತ್ತೇನೆ. ಐದನೆಯ ಲಕೋಟೆಯಲ್ಲಿ ಹುಡುಗಿ ಹರಿಗೋಲಿನ ಚಿತ್ರ ಬರೆದಿದ್ದಳು. 'ಆಯಿಯ ಸೀರೆಯಿಂದ ಹರಿಗೋಲಿನ ಸುತ್ತಳತೆ ತೆಗೆದೆ. ವ್ಯಾಸದಿಂದ ಭಾಗಿಸಿದೆ. ಮೂರಕ್ಕಿಂತ ಸ್ವಲ್ಪ ಹೆಚ್ಚು ಬಂತು ಟೀಚರ್. ಸೀರೆ ಒದ್ದೆಯಾಗಿತ್ತು, ಅದಕ್ಕೆ ಸ್ವಲ್ಪ ತಪ್ಪಿರಬಹುದು.' ಅದನ್ನು ತರಗತಿಯಲ್ಲಿ ಓದಿ ಹೇಳಬೇಕಾಗಿತ್ತು. ಓದಿದ್ದರೆ ನಲವತ್ತು ಮಕ್ಕಳು ಬಾಯಿ ತೆರೆದು ಕೇಳುತ್ತಿದ್ದರು. ನಾನು ಓದಲಿಲ್ಲ. ಹೆಡ್ ಮಾಸ್ತರರಿಗೂ ತೋರಿಸಲಿಲ್ಲ. ಅವರು ಅಷ್ಟರಲ್ಲಿ ನಿವೃತ್ತರಾಗಿ ತಮ್ಮ ಊರಿಗೆ ಹೋಗಿದ್ದರು. ಲಕೋಟೆಗಳನ್ನು ಕಪಾಟಿನ ಮೇಲಿನ ಸೂಟ್‌ಕೇಸಿನಲ್ಲಿ, ಕೌದಿಗಳ ಕೆಳಗೆ ಇಟ್ಟೆ.

ಡಿಸೆಂಬರಿನಲ್ಲಿ ಬಹಳ ದಿನದಿಂದ ಶಾಲೆಗೆ ಬಾರದ ಮಕ್ಕಳ ಪಟ್ಟಿ ಮಾಡುವುದಿರುತ್ತದೆ. ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋದವರ ಮಕ್ಕಳು ನನ್ನ ತರಗತಿಯಲ್ಲಿ ಆರು ಜನ ಇದ್ದರು. ಕಾರಣದ ಅಂಕಣದಲ್ಲಿ 'ವಲಸೆ' ಎಂದು ಆರು ಸಲ ಬರೆದೆ. ಏಳನೆಯದಾಗಿ ಬಾಯಾರ ಮಗಳ ಹೆಸರು ಬರೆದು, ಅದರ ಮುಂದೆಯೂ ವಲಸೆ ಎಂದು ಬರೆದೆ. ಮೂರನೆಯ ತರಗತಿಯವರಿಗೆ ಹೇಳಿ ಹುಡುಗನ ಹೆಸರನ್ನೂ ಸೇರಿಸಿದೆ. ನಿಯಮದ ಪ್ರಕಾರ ಅದು ತಪ್ಪಲ್ಲ. ನಿಯಮ ನನ್ನ ಕಡೆ ಇದ್ದದ್ದು ನನಗೆ ಬಹಳ ಹಿತವಾಗಿತ್ತು.

ಶಿಕ್ಷಕಿಯ ಮಕ್ಕಳೇ ಶಾಲೆ ಬಿಟ್ಟಿದ್ದಾರೆಂದರೆ ಯಾರು ಸುಮ್ಮನಿರುತ್ತಾರೆ? ಹತ್ತು ದಿನದಲ್ಲಿ ಮೇಲಿನ ಸಾಹೇಬರು ವಿಚಾರಣೆಗೆ ಬಂದರು. ಅದರ ಹಿಂದಿನ ದಿನವೇ ಎಂಟನೆಯ ಲಕೋಟೆ ವಿಜಯವಾಡದಿಂದ ಬಂದಿತ್ತು. ಒಳಗೆ ಮಕ್ಕಳ ಹಾಳೆಗಳ ಜೊತೆ ಬಾಯಾರ ಕೈಬರಹದ ಒಂದು ಚೀಟಿ: 'ಅಕ್ಕೋರ, ಇನ್ನ ಸಮುದ್ರ ಭಾಳ ದೂರ ಇಲ್ಲ. ಇಲ್ಲಿ ನದಿ ನೋಡಿದ್ರ ನಿಮ್ಮ ನೆನಪಾಗ್ತದ. ನೀವೂ ಬಂದಿದ್ರ ಭಾಳ ಛಂದ ಆಗ್ತಿತ್ತು.' ಆ ಚೀಟಿ ಓದಿ ನನಗೆ ಖುಷಿಯಾಗಬೇಕಿತ್ತು. ಮೈಯೆಲ್ಲ ಉರಿಯಿತು. ಕರೆದಿದ್ದರೆ ಬರುತ್ತಿದ್ದೆನಲ್ಲ, ಹೊರಡುವಾಗ ಒಂದು ಮಾತು ಕರೆಯಲಿಲ್ಲವಲ್ಲ, ಈಗ ನದಿ ದಂಡೆಯಲ್ಲಿ ಕೂತು ಚೀಟಿ ಬರೆಯುತ್ತಾಳೆ ಎಂದು ಹಲ್ಲು ಕಚ್ಚಿದೆ.

ಸಾಹೇಬರು ನಿಜವಾಗಿ ಒಳ್ಳೆಯ ದನಿಯಲ್ಲೇ ಕೇಳಿದರು. "ಹಳೇ ಹೆಡ್ ಮಾಸ್ತರ್ ಏನೋ ವ್ಯವಸ್ಥಾ ಮಾಡಿದ್ರಂತಲ್ರಿ? ಮಕ್ಕಳು ಏನರ ಬರದು ಕಳಿಸ್ಯಾರೇನು? ಒಂದೆರಡು ಹಾಳಿ ಇದ್ರೂ ಸಾಕು, ನಾ ಮುಗಿಸಿಬಿಡ್ತೇನಿ."

"ಇಲ್ರಿ ಸರ್," ಎಂದೆ. "ಏನೂ ಬಂದಿಲ್ಲ."

ಅವರು ಬರೆದುಕೊಂಡು ಸಹಿ ತೆಗೆದುಕೊಂಡರು. ಏಳು ದಿನದಲ್ಲಿ ಮಕ್ಕಳ ಸಮೇತ ಹಾಜರಾಗಬೇಕು, ಇಲ್ಲದಿದ್ದರೆ ಶಿಸ್ತುಕ್ರಮ ಎಂದು ಬಾಯಾರಿಗೆ ನೋಟಿಸು ಹೋಯಿತು. ವಿಜಯವಾಡದಿಂದ ಅವರು ತಿರುಗಿದರು. ಸಮುದ್ರಕ್ಕೆ ಇನ್ನು ಒಂದು ಬೆಳಗಿನ ದಾರಿ ಇತ್ತಂತೆ. ಏಳು ದಿನದಲ್ಲಿ ನೋಡಿ ಬರಬಹುದಿತ್ತಲ್ಲ ಎಂದು ಆಮೇಲೆ ಯಾರೋ ಕೇಳಿದರು. ನೋಟಿಸು ಊರೂರು ಸುತ್ತಿ ಅವರ ಕೈಗೆ ಸಿಕ್ಕಾಗ ಉಳಿದಿದ್ದು ಎರಡೇ ದಿನ.

ಅವರು ಅರ್ಧಕ್ಕೇ ಬಂದರೆಂದು ತಿಳಿದಾಗ ಮೊದಲ ಕ್ಷಣ ನನಗೆ ಸಂತೋಷವಾಯಿತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಮರುದಿನ ಬಾಯಾರು ಮಗಳನ್ನು ಕರೆದುಕೊಂಡು ಶಾಲೆಗೆ ಬಂದರು. ಬಿಸಿಲಿಗೆ ಬಾಯಾರ ಮೂಗು ಕಪ್ಪಾಗಿತ್ತು, ತುಟಿ ಒಡೆದಿತ್ತು. ಹೊಸ ಹೆಡ್ ಮಾಸ್ತರರ ಎದುರು, "ಎಂಟು ಲಕೋಟಿ ಕಳಿಸೇವಿ ಸರ್. ಹೌದಲ್ಲರಿ ಅಕ್ಕೋರ?" ಎಂದರು. ನಾನು ಹಾಜರಿ ಪುಸ್ತಕ ನೋಡುತ್ತ, "ನನಗ ಮುಟ್ಟಿಲ್ರಿ" ಎಂದೆ. ಹುಡುಗಿ ಏನೋ ಹೇಳಹೋದಳು. ಬಾಯಾರು ಅವಳ ಭುಜ ಹಿಡಿದು, ನನ್ನನ್ನೇ ನೋಡುತ್ತ, "ಇರ್ಲಿ ಬಿಡು. ಟಪಾಲಿನ್ಯಾಗ ಕಳದಿರಬೇಕು" ಎಂದರು. ನಾನು ತಲೆ ಎತ್ತಿ ಆ ನೋಟವನ್ನು ಎದುರಿಸಲಿಲ್ಲ. ಬೇಸಿಗೆಯ ವರ್ಗಾವಣೆಯಲ್ಲಿ ಅವರು ಮತ್ತೆ ಇಂಡಿಗೇ ಹೋದರು. ಹೋಗುವಾಗ ಎಲ್ಲರ ಮನೆಗೂ ಹೇಳಿ ಹೋದರು, ನಮ್ಮ ಮನೆಗೆ ಬರಲಿಲ್ಲ.

ಈಗ ನಾಲ್ಕು ವರ್ಷವಾಯಿತು. ಅತ್ತೆ ತೀರಿಕೊಂಡರು. ಮಗ ವಿಜಯಪುರದಲ್ಲಿ ಔಷಧದ ಅಂಗಡಿ ಇಟ್ಟು ಅಲ್ಲೇ ಇದ್ದಾನೆ. ಬಾಯಾರ ರಜೆಯ ಸುದ್ದಿ ಬಂದ ಮೂರನೆಯ ದಿನ ಸ್ಟೂಲು ಹಾಕಿ ಸೂಟ್‌ಕೇಸು ಇಳಿಸಿದೆ. ಎಂಟು ಲಕೋಟೆಗಳೂ ಕೌದಿಯ ವಾಸನೆ ಹಿಡಿದು ಹಾಗೇ ಇದ್ದವು. "ಇಂಡಿಗೆ ಹೋಗಿ ಬರ್ತೇನಿ" ಎಂದು ನಮ್ಮವರಿಗೆ ಹೇಳಿದೆ. ಯಾಕೆ ಎಂದಾದರೂ ಕೇಳುತ್ತಾರೆಂದು ಕಾದೆ. ಅವರು ಪೇಪರಿನಿಂದ ತಲೆ ಎತ್ತದೆ, "ಹೋಗಿ ಬಾ. ಸೂಟಿ ಐತಲ್ಲ, ಬೇಕಂದ್ರ ನಾಕು ದಿನ ಇದ್ದು ಬಾ" ಎಂದರು.

ಬಾಯಾರ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಚೀಲಗಳು. ಏಳನೆಯದು ಮುಗಿಸಿದ ಹುಡುಗ ತಾಯಿಗಿಂತ ಎತ್ತರವಾಗಿದ್ದ. ಹುಡುಗಿ ಪಿಯುಸಿ ಮೊದಲ ವರ್ಷ ಮುಗಿಸಿದ್ದಾಳೆ; ನನ್ನನ್ನು ನೋಡಿ ಒಳಗೆ ಹೋದಳು. ಬಾಯಾರ ಕೂದಲು ಅರ್ಧ ಬೆಳ್ಳಗಾಗಿದೆ. ಅವರು ಬರ್ರಿ ಎನ್ನಲಿಲ್ಲ, ಹೋಗ್ರಿ ಎಂದೂ ಅನ್ನಲಿಲ್ಲ. ಚಾಪೆ ಸರಿಸಿ ಜಾಗ ಮಾಡಿದರು.

ನಾನು ಲಕೋಟೆಗಳನ್ನು ಅವರ ಮುಂದಿಟ್ಟೆ. "ಆವತ್ತು ಸಾಹೇಬ್ರ ಮುಂದ ಏನೂ ಬಂದಿಲ್ಲ ಅಂತ ಹೇಳಿದ್ದೆ. ಎಲ್ಲಾ ಬಂದಿದ್ದೂವ್ರಿ."

"ಗೊತ್ತದ. ನಮ್ಮ ಓಣಿ ಪೋಸ್ಟ್‌ಮನ್ ಆವತ್ತೇ ಹೇಳಿದ್ದ, ಎಂಟೂ ನಿಮ್ಮ ಕೈಯಾಗ ಕೊಟ್ಟೇನಿ ಅಂತ."

ನಾಲ್ಕು ವರ್ಷ ಗೊತ್ತಿದ್ದೂ ಯಾರ ಹತ್ತಿರವೂ ಆಡಿರಲಿಲ್ಲ. ಆಡಿದ್ದರೆ ನನ್ನ ಮುಖ ಎಲ್ಲಿ ಇಡಬೇಕಾಗುತ್ತಿತ್ತೋ! ಆ ಹೊತ್ತಿನಲ್ಲೂ, ಇಷ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಶಕ್ತಿ ಇವರಿಗೇ ಯಾಕೆ ಬಂತು ಎಂದು ನನಗೆ ಉರಿಯಿತು.

"ಯಾಕ ಸುಮ್ಮನಿದ್ರಿ?" ಎಂದೆ.

"ನಿಮ್ಮ ಮ್ಯಾಲ ಕರುಣಾ ಬಂದು ಸುಮ್ಮನಿದ್ದೆ ಅಂತ ತಿಳೀಬ್ಯಾಡ್ರಿ. ಹೇಳಿದ್ರ ವಿಚಾರಣಿ, ಸಾಕ್ಷಿ, ಆಫೀಸಿಗೆ ಅಡ್ಡಾಡೋದು. ಅಷ್ಟು ಪುರುಸೊತ್ತು ನನಗಿರಲಿಲ್ಲ." ಅವರು ಲಕೋಟೆಗಳನ್ನು ಒಂದೊಂದಾಗಿ ಎತ್ತಿ ಊರಿನ ಮುದ್ರೆ ನೋಡಿದರು. "ತಿರುಗಿ ಬಂದ ಮ್ಯಾಲ ಈ ಹುಡುಗ ಎರಡು ವರ್ಷ ನನಗ ಏನೂ ಕೇಳಲಿಲ್ರಿ, ಅಕ್ಕೋರ. ಒಂದು ಪ್ರಶ್ನಿ ಕೇಳಲಿಲ್ಲ. ಕೇಳಿದ್ರ ಆಯಿ ಹೋಗಿ ನೋಡೋಣಂತ ಅಂತಾಳ, ಆಮ್ಯಾಲ ಅರ್ಧ ದಾರಿಯಿಂದ 'ನಡಿ ತಿರುಗಿ' ಅಂತಾಳ ಅಂತ ಅವಂಗ ಅನಿಸಿಬಿಟ್ಟಿತ್ತು. ಅದೊಂದು ನಾ ನಿಮಗ ಮಾಫ್ ಮಾಡಂಗಿಲ್ಲ."

ಹುಡುಗ ಕೆಳಗೆ ಕೂತು ಚೀಲದಲ್ಲಿ ಬಟ್ಟೆ ತುಂಬುತ್ತಿದ್ದ. ನಮ್ಮ ಕಡೆ ನೋಡಲಿಲ್ಲ.

ಬಾಯಾರು ಕೊನೆಯ ಲಕೋಟೆ ಬಿಚ್ಚಿ ಹಾಳೆ ಹಾಳೆ ತಿರುವಿದರು. "ಇದರಾಗ ನಿಮಗೊಂದು ಚೀಟಿ ಇಟ್ಟಿದ್ದೆ."

"ಅದು ನಂದು," ಎಂದೆ. "ಅದನ್ನ ಕೊಡಂಗಿಲ್ರಿ."

ಅವರು ತಲೆ ಎತ್ತಿ ನನ್ನನ್ನು ನೋಡಿದರು. ನಾಲ್ಕು ವರ್ಷದ ಹಿಂದೆ ನಾನು ತಪ್ಪಿಸಿಕೊಂಡಿದ್ದ ಅದೇ ನೋಟ. ಈ ಸಲ ನಾನೂ ನೋಡಿದೆ. ಆಮೇಲೆ ಅವರು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಅಡುಗೆಮನೆಯಿಂದ ಚಹಾ ತಂದು ನನ್ನ ಮುಂದೆ ಇಟ್ಟರು. ಸಕ್ಕರೆ ಕಡಿಮೆ, ನೀರು ಹೆಚ್ಚು, ಅವರ ಹಳೆಯ ಚಹಾ.

"ಗುರುವಾರ ಸೊಲ್ಲಾಪುರದಿಂದ ರೈಲದ," ಎಂದರು. "ಬಿಟ್ಟಲ್ಲಿಂದನ ಶುರು ಮಾಡ್ತೇವಿ. ವಿಜಯವಾಡದಾಗ ಇಳದು, ನದೀ ದಂಡಿ ಹಿಡಕೊಂಡು ಸಮುದ್ರದ ತನಕ. ಬರೋದಿದ್ರ ನೀವೂ ಬರ್ರಿ. ದಾರಿ ಉದ್ದಕ್ಕೂ ಬೈತೇನಿ, ಬಾಯಿ ಮುಚಗೊಂಡು ಕೇಳ್ಕೋತ ಕೂಡ್ರಬೇಕು."

ಹುಡುಗನ ಕೈ ಚೀಲದಲ್ಲೇ ನಿಂತಿತು. ಅವನು ಆಗ ಮೊದಲ ಸಲ ನನ್ನ ಕಡೆ ನೋಡಿದ. ಒಳಗಿನ ಕೋಣೆಯ ಬಾಗಿಲಲ್ಲಿ ಹುಡುಗಿಯೂ ಬಂದು ನಿಂತಿದ್ದಳು. ಶಾಲೆಗೆ ಸೂಟಿ ಇತ್ತು. ಮನೆಯಲ್ಲಿ ಕಾಯುವ ಅತ್ತೆ ಇರಲಿಲ್ಲ, ಓದುವ ಮಗ ಇರಲಿಲ್ಲ. ಇಳಿಸಿದ ಸೂಟ್‌ಕೇಸು ಖಾಲಿಯಾಗಿ ಮಂಚದ ಮೇಲೆ ತೆರೆದುಕೊಂಡೇ ಇತ್ತು. ಇಷ್ಟು ವರ್ಷ ಯಾವ ಮಾತಿಗಾಗಿ ಉರಿದಿದ್ದೆನೋ ಆ ಮಾತು ಬಂದು ನನ್ನ ಎದುರು ನಿಂತಿತ್ತು.

"ಮುಂದಿನ ವರ್ಷ ನೋಡೂಣ್ರಿ," ಎಂದೆ.

ಹುಡುಗ ಚೀಲದ ಜಿಪ್ಪು ಎಳೆದ. 'ಮುಂದಿನ ವರ್ಷ' ಎಂಬ ಮಾತಿಗಾಗಿ ಇಷ್ಟು ವರ್ಷ ನಮ್ಮವರನ್ನು ಬೈದಿದ್ದೇನೆ. ಅವತ್ತು ಅದು ನನ್ನ ಬಾಯಿಂದ ಬಂದಾಗ ಅವರು ಸಿಂದಗಿಯಲ್ಲಿದ್ದರು.